ಫ್ರೀ ಐತಲ್ಲ, ಮನ್ಯಾಗೇ ಓದ್ಲಿ ಬಿಡ್ರಿ

ಹೋದ ವರ್ಷ ಬೇಸಿಗೆಯಲ್ಲಿ ಜಗಳೂರು ತಾಲ್ಲೂಕಿನ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಆದ ಮೇಲೆ ಎಲ್ಲರೂ ಶಾಮಿಯಾನದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಮಾತು ನನ್ನ ದೊಡ್ಡಪ್ಪನ ಮೊಮ್ಮಗಳ ಕಡೆ ತಿರುಗಿತು. ಅವಳು ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದಳು. ಗಣಿತದಲ್ಲಿ ಒಳ್ಳೆಯ ಅಂಕ. ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಬೇಕು ಅಂತ ಆಸೆ ಇಟ್ಟುಕೊಂಡಿದ್ದಳು. ಆಗ ಅವಳ ಸೋದರಮಾವ ಹೇಳಿದ ಮಾತು ಇದು: "ಈಗೆಲ್ಲಾ ಮೊಬೈಲ್‌ನಾಗೇ ಬರ್ತೈತಂತೆ. ಐಐಟಿಯವರೇ ಪಾಠ ಮಾಡ್ತಾರಂತೆ. ಅದೂ ಫ್ರೀ ಐತಲ್ಲ. ಮನ್ಯಾಗೇ ಓದ್ಲಿ ಬಿಡ್ರಿ, ದಾವಣಗೆರೆಗೆ ಯಾಕೆ ಕಳಿಸ್ಬೇಕು?"

ಕೂತಿದ್ದವರೆಲ್ಲ ತಲೆಯಾಡಿಸಿದರು. ಒಬ್ಬರೂ ಅವಳು ಓದಬಾರದು ಅನ್ನಲಿಲ್ಲ. ನನ್ನನ್ನು ಈಗಲೂ ಕಾಡುವುದು ಅದೇ. ನನ್ನ ಕಾಲದಲ್ಲಿ ಹೆಣ್ಣು ಮಕ್ಕಳನ್ನು ಮುಂದಕ್ಕೆ ಓದಿಸಲ್ಲ ಅನ್ನೋರು ಅದನ್ನು ಬಾಯಿಬಿಟ್ಟೇ ಹೇಳುತ್ತಿದ್ದರು. ಓದಿ ಏನು ಮಾಡಬೇಕು, ಎಷ್ಟಾದರೂ ಒಲೆ ಮುಂದೆ ಕೂರೋದು ತಪ್ಪುತ್ತಾ ಅಂತ. ಆ ಮಾತಿಗೆ ಎದುರು ನಿಂತು ಜಗಳ ಆಡಬಹುದಿತ್ತು. ಅಳಬಹುದಿತ್ತು. ಮೇಷ್ಟ್ರನ್ನು ಮನೆಗೆ ಕರೆಸಿ ಹೇಳಿಸಬಹುದಿತ್ತು. ಈಗ ಬೇಡ ಅನ್ನುವ ಮಾತೇ ಇಲ್ಲ. ಓದು ಅಂತಲೇ ಹೇಳುತ್ತಾರೆ, ಮನೆ ಬಿಟ್ಟು ಹೋಗಬೇಡ ಅಂತಾರೆ ಅಷ್ಟೆ. ಇದಕ್ಕೆ ಏನಂತ ಜಗಳ ಆಡೋದು?

ಹುಡುಗಿಯ ಅಪ್ಪ, ನನ್ನ ಅಣ್ಣ, ಕೆಟ್ಟವನಲ್ಲ. ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಮನುಷ್ಯ. ಈರುಳ್ಳಿ ಬೆಲೆ ಒಂದು ವರ್ಷ ಕೈ ಹಿಡಿದರೆ ಮರು ವರ್ಷ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಮಗಳ ಓದಿಗೆ ಎರಡು ವರ್ಷದ ಖರ್ಚು, ಆಮೇಲೆ ಮದುವೆ, ಹಿಂದೆ ಒಬ್ಬ ಮಗ. ಹಾಗಿರುವಾಗ ಯಾರೋ ಬಂದು ಅದೇ ಓದು ಬಿಟ್ಟಿ ಸಿಗುತ್ತೆ ಅಂದರೆ ಅವನಿಗೆ ಎದೆ ಮೇಲಿನ ಭಾರ ಇಳಿದ ಹಾಗೆ ಆಗಿರಬೇಕು.

ಸೋದರಮಾವ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ಯೋಜನೆ ಶುರು ಮಾಡಿದ್ದು 2003ರಲ್ಲಿ. ಇಂಥ ಕೋರ್ಸುಗಳನ್ನೆಲ್ಲ ಒಂದೇ ಕಡೆ ಕೊಡುವ ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್ ಬಂದದ್ದು 2017ರ ಜುಲೈಯಲ್ಲಿ. ಕೋರ್ಸಿಗೆ ಸೇರೋಕೆ, ಪಾಠ ನೋಡೋಕೆ, ವಾರ ವಾರದ ಅಸೈನ್‌ಮೆಂಟ್ ಮಾಡೋಕೆ ಒಂದು ಪೈಸೆ ಕೊಡಬೇಕಿಲ್ಲ. ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಒಂದು ಸಾವಿರ ರೂಪಾಯಿ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅಸೈನ್‌ಮೆಂಟಿಗೆ ನೂರಕ್ಕೆ 25, ಪರೀಕ್ಷೆಗೆ 75. ಎಷ್ಟೋ ಕೋರ್ಸುಗಳ ಪಾಠ ಈಗ ಬರಹದ ರೂಪದಲ್ಲಿ ಕನ್ನಡದಲ್ಲೂ ಸಿಗುತ್ತದೆ. ಇಷ್ಟೆಲ್ಲಾ ಇದ್ದೂ ಆ ಮಾತು ನನಗೆ ಯಾಕೆ ಚುಚ್ಚಿತು ಅನ್ನೋದನ್ನೇ ಅವತ್ತಿನಿಂದ ಯೋಚನೆ ಮಾಡುತ್ತಿದ್ದೇನೆ.

ಮಾಳಿಗೆ ಮೇಲಿನ ಕ್ಲಾಸು

ಹುಡುಗಿ ಮಾವನ ಮಾತನ್ನು ನಿಜವಾಗಿಯೂ ನಡೆಸಿಕೊಟ್ಟಳು. ಜುಲೈಯಲ್ಲಿ ಶುರುವಾಗುವ ಲೀನಿಯರ್ ಆಲ್ಜೀಬ್ರಾ ಕೋರ್ಸಿಗೆ ಸೇರಿದಳು. ಹನ್ನೆರಡು ವಾರದ್ದು. ಸೆಪ್ಟೆಂಬರ್ ಹೊತ್ತಿಗೆ ನಾನು ಅವರ ಮನೆಗೆ ಹೋದಾಗ ಅವಳು ಹೇಗೆ ಓದುತ್ತಿದ್ದಾಳೆ ಅಂತ ಕಣ್ಣಾರೆ ನೋಡಿದೆ.

ಮನೆಯೊಳಗೆ ಸಿಗ್ನಲ್ ಬರಲ್ಲ, ಮಾಳಿಗೆ ಮೇಲೆ ಬರುತ್ತೆ. ಹತ್ತು ಗಂಟೆ ದಾಟಿದರೆ ಬಿಸಿಲು, ಕೂರೋಕೆ ಆಗಲ್ಲ. ಹಾಗಾಗಿ ಬೆಳಗ್ಗೆ ಐದೂವರೆಗೆ ಎದ್ದು ಮೇಲೆ ಹೋಗುತ್ತಾಳೆ. ಫೋನು ಅಪ್ಪನದು. ಅವನು ಹೊಲಕ್ಕೆ ಹೋಗುವ ಮುಂಚೆ ಅದನ್ನು ವಾಪಸ್ ಕೊಡಬೇಕು. ಅರ್ಧ ಗಂಟೆಯ ಪಾಠ ಒಂದೇ ಸಲಕ್ಕೆ ಮುಗಿದ ದಿನವೇ ಕಮ್ಮಿ. ನಲ್ಲಿ ನೀರು ಬಂತು ಅಂತ ಕರೀತಾರೆ. ತಮ್ಮನ ಡಬ್ಬಿ ಕಟ್ಟಬೇಕು. ಎಮ್ಮೆ ಹಾಲು ಡೈರಿಗೆ ಹೋಗಬೇಕು. ಮನೆಯಲ್ಲಿ ಇರುವ ಮಗಳು ಬಿಡುವಾಗಿ ಇದ್ದಾಳೆ ಅಂತಲೇ ಮನೆಯ ಲೆಕ್ಕ. ಅವಳು ಕಾಲೇಜಿಗೆ ಹೋಗುತ್ತಿದ್ದಾಗ ಬಸ್ಸಿನ ಟೈಮಿಗೆ ಎಲ್ಲರೂ ಮರ್ಯಾದೆ ಕೊಡುತ್ತಿದ್ದರು. ಎಂಟು ಗಂಟೆ ಬಸ್ಸು ಅಂದರೆ ಎಂಟು ಗಂಟೆ ಬಸ್ಸು, ಅಜ್ಜಿ ಕೂಡ ಕೆಲಸ ಹೇಳುತ್ತಿರಲಿಲ್ಲ. ಫೋನಿನಲ್ಲಿ ಬರುವ ಪಾಠಕ್ಕೆ ಆ ಮರ್ಯಾದೆ ಇಲ್ಲ. "ಅದು ಆಮೇಲೂ ಇರ್ತೈತಲ್ಲ, ನಿಲ್ಲಿಸಿ ಬಾ" ಅಂತ ಅವಳ ಅಮ್ಮ ನನ್ನೆದುರೇ ಕೂಗಿದಳು.

ನೋಟ್ ಬುಕ್ ತೋರಿಸಿದಳು. ಒಂದೊಂದು ಪಾಠವನ್ನೂ ನೀಟಾಗಿ ಬರೆದುಕೊಂಡಿದ್ದಾಳೆ. ಆಮೇಲೆ ಒಂದು ಜಾಗದಲ್ಲಿ ಅಕ್ಷರ ಚಿಕ್ಕದಾಗಿದೆ, ಹೊಡೆದು ಹಾಕಿದ್ದು ಜಾಸ್ತಿಯಾಗಿದೆ. ವೆಕ್ಟರ್ ಸ್ಪೇಸಿನ ಬೇಸಿಸ್ ಬಗ್ಗೆ ಒಂದು ಪ್ರಶ್ನೆ. ಅಸೈನ್‌ಮೆಂಟಿನಲ್ಲಿ ಅದಕ್ಕೆ ಅಂಕ ಸೊನ್ನೆ. ಸರಿ ಉತ್ತರ ಯಾವುದು ಅಂತ ಕೊನೆಯ ದಿನಾಂಕ ಮುಗಿದ ಮೇಲೆ ಸ್ಕ್ರೀನ್ ತೋರಿಸುತ್ತದೆ. ಅವಳು ಎಲ್ಲಿ ದಾರಿ ತಪ್ಪಿದಳು ಅನ್ನೋದನ್ನು ತೋರಿಸುವುದಿಲ್ಲ. ಅದೇ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ್ದಾಳೆ.

"ಅತ್ತೆ, ನಾನು ಬರ್ದಿದ್ದು ಎಲ್ಲಿ ತಪ್ಪೈತಿ ಅಂತ ಯಾರನ್ನ ಕೇಳ್ಲಿ?" ಅಂದಳು.

ನಾನು ಗಣಿತ ಪಾಠ ಮಾಡುವವಳು. ಬುಕ್ ತಗೊಂಡು ನೋಡಿದೆ. ಕೊಟ್ಟಿರುವ ವೆಕ್ಟರುಗಳು ಇಡೀ ಸ್ಪೇಸನ್ನು ಹುಟ್ಟಿಸುತ್ತವೆ ಅಂತ ಅವಳು ಸರಿಯಾಗಿಯೇ ತೋರಿಸಿದ್ದಳು. ಅಷ್ಟಾದರೆ ಬೇಸಿಸ್ ಆಯಿತು ಅಂತ ಅಲ್ಲಿಗೇ ನಿಲ್ಲಿಸಿದ್ದಳು. ಅವು ಒಂದರ ಮೇಲೊಂದು ಅವಲಂಬಿಸಿಲ್ಲ ಅಂತಲೂ ತೋರಿಸಬೇಕು. ಅವಳ ಪಟ್ಟಿಯಲ್ಲಿದ್ದ ಮೂರನೇ ವೆಕ್ಟರ್ ಮೊದಲ ಎರಡನ್ನು ಕೂಡಿಸಿದರೆ ಬರುವಂಥದ್ದು. ಅದನ್ನು ಬೆರಳಿಟ್ಟು ತೋರಿಸಿದೆ. "ಅಯ್ಯೋ, ಇಷ್ಟೇನಾ" ಅಂದಳು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಸಿಗದೆ ಅವಳು ವಾರಗಟ್ಟಲೆ ಅಲ್ಲೇ ನಿಂತಿದ್ದಳು, ತನಗೆ ಗಣಿತ ಬರುವುದಿಲ್ಲ ಅಂತ ನಂಬಲು ಶುರು ಮಾಡಿದ್ದಳು.

ಕೋರ್ಸಿನಲ್ಲೇ ಪ್ರಶ್ನೆ ಕೇಳಲು ಒಂದು ವೇದಿಕೆ ಇದೆಯಲ್ಲ, ಅಲ್ಲಿ ಯಾಕೆ ಕೇಳಲಿಲ್ಲ ಅಂದೆ. "ಅಲ್ಲಿ ಎಲ್ಲಾರೂ ಇಂಗ್ಲಿಷ್‌ನಾಗೆ ಬರೀತಾರೆ ಅತ್ತೆ. ನಾನು ಬರೆದ್ರೆ ನಗ್ತಾರೆ." ಇದು ಇವಳೊಬ್ಬಳ ಹಿಂಜರಿಕೆ ಅಂತ ತಳ್ಳಿಹಾಕುವ ಹಾಗಿಲ್ಲ. 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಹಿಂದುಳಿದ ದೇಶಗಳ ವಿದ್ಯಾರ್ಥಿಗಳು ಇಂಥ ಕೋರ್ಸುಗಳಲ್ಲಿ ಅರ್ಧಕ್ಕೇ ಬಿಡುವುದಕ್ಕೆ 'ಇದು ನಮ್ಮಂಥವರಿಗಲ್ಲ' ಅನ್ನುವ ಅಳುಕೂ ಒಂದು ಕಾರಣ ಅಂತ ಅದು ತೋರಿಸಿತು. ಶುರುವಿನಲ್ಲಿ ಒಂದು ಸಣ್ಣ ಬರವಣಿಗೆ ಮಾಡಿಸಿದರೆ ಆ ಅಳುಕು ಕಮ್ಮಿಯಾಗುತ್ತೆ ಅಂತಲೂ ಆಗ ಆಶೆ ಹುಟ್ಟಿತು. 2020ರಲ್ಲಿ ಎರಡೂವರೆ ಲಕ್ಷ ಜನರ ಮೇಲೆ ಮಾಡಿ ನೋಡಿದಾಗ ಅಷ್ಟು ಫಲ ಸಿಗಲಿಲ್ಲ. ಅಳುಕು ಹೋಗಬೇಕಾದರೆ ಪಕ್ಕದಲ್ಲಿ ಒಬ್ಬರು ಕೂರಬೇಕು ಅಂತ ನನಗೆ ಅನಿಸುತ್ತೆ.

ಅವಳು ಕೋರ್ಸ್ ಮುಗಿಸಲಿಲ್ಲ. ಕೊನೆಯ ವಾರಗಳು ಬರುವ ಹೊತ್ತಿಗೆ ಈರುಳ್ಳಿ ಕೀಳುವ ಕೆಲಸ ಬಂತು. ಪರೀಕ್ಷೆಗೆ ಸಾವಿರ ರೂಪಾಯಿ ಕೊಡು ಅಂತ ಅಪ್ಪನನ್ನು ಅವಳು ಕೇಳಿಯೇ ಇರಲಿಲ್ಲ. ಫ್ರೀ ಅಂತ ಒಪ್ಪಿಸಿದ ಮೇಲೆ ದುಡ್ಡು ಹೇಗೆ ಕೇಳೋದು ಅಂದಳು. ಈಗ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಎಂ.ಎಸ್ಸಿ. ಆಸೆ ಬಿಟ್ಟಿಲ್ಲ.

ಮಂಗೋಲಿಯಾದ ಹುಡುಗನ ಕಥೆಯಲ್ಲಿ ಬಿಟ್ಟುಹೋದವರು

ಈ ಉಚಿತ ಪಾಠಗಳ ಹಿಂದಿರುವ ಕನಸು ಸಣ್ಣದಲ್ಲ. ಅಮೆರಿಕದ ಎಂಐಟಿ ತನ್ನ ಪಾಠಗಳನ್ನೆಲ್ಲ ಜಗತ್ತಿಗೆ ಬಿಟ್ಟಿಯಾಗಿ ಕೊಡುತ್ತೇನೆ ಅಂತ 2001ರಲ್ಲೇ ಹೇಳಿತು. 2011ರಲ್ಲಿ ಸ್ಟ್ಯಾನ್‌ಫರ್ಡಿನ ಒಂದು ಕೃತಕ ಬುದ್ಧಿಮತ್ತೆ ಕೋರ್ಸಿಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಸೇರಿದರು. 2012ರಲ್ಲಿ ಇಂಥ ಕೋರ್ಸುಗಳನ್ನು ಕೊಡೋಕೆ ಅಂತಲೇ ಕೋರ್ಸೆರಾ ಬಂತು, ಎಡ್‌ಎಕ್ಸ್ ಬಂತು. ಎಡ್‌ಎಕ್ಸ್ ಕಟ್ಟಿದ ಅನಂತ್ ಅಗರ್ವಾಲ್ ನಮ್ಮ ಮಂಗಳೂರಿನಲ್ಲಿ ಬೆಳೆದವರು. ಅವರ ಮೊದಲ ಕೋರ್ಸು ಎಲೆಕ್ಟ್ರಾನಿಕ್ ಸರ್ಕಿಟ್‌ಗಳ ಬಗ್ಗೆ. ಸುಮಾರು 1,55,000 ಜನ ಸೇರಿದರು, 7,000ದಷ್ಟು ಜನ ಪಾಸಾದರು. ಪೂರ್ತಿ ಅಂಕ ತೆಗೆದವರಲ್ಲಿ ಮಂಗೋಲಿಯಾದ ಹದಿನೈದು ವರ್ಷದ ಹುಡುಗನೊಬ್ಬ ಇದ್ದ, ಬಟ್ಟುಶಿಗ್ ಅಂತ. ಅವನನ್ನು ಎಂಐಟಿಯೇ ಸೇರಿಸಿಕೊಂಡಿತು. ಆಮೇಲೆ ಎಷ್ಟೋ ವರ್ಷ ಎಲ್ಲ ಭಾಷಣಗಳಲ್ಲೂ ಅವನ ಉದಾಹರಣೆ. ಎಲ್ಲೋ ಒಂದು ಮೂಲೆಯ ದೇಶದಲ್ಲಿ ಇಂಟರ್ನೆಟ್ ಒಂದಿದ್ದರೆ ಸಾಕು ಅಂತ.

ಆ ಕಥೆಯಲ್ಲಿ ಇನ್ನಿಬ್ಬರು ಇದ್ದಾರೆ. ಆ ಹುಡುಗನ ಶಾಲೆಯ ಪ್ರಿನ್ಸಿಪಾಲರು ಸ್ವತಃ ಎಂಐಟಿಯಲ್ಲಿ ಓದಿ ಬಂದವರು. ಕೋರ್ಸನ್ನು ಶಾಲೆಗೆ ತಂದವರು ಅವರು. ಪ್ರಯೋಗ ಮಾಡಿಸೋಕೆ ಅಂತಲೇ ಸ್ಟ್ಯಾನ್‌ಫರ್ಡಿನಿಂದ ಒಬ್ಬರು ಉಪಕರಣಗಳನ್ನು ಹೊತ್ತುಕೊಂಡು ಉಲಾನ್ ಬತಾರಿಗೆ ಹೋಗಿ, ಮಕ್ಕಳ ಜೊತೆ ಕೂತು ಕಲಿಸಿದರು. ಹುಡುಗ ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಅವನ ಪಕ್ಕದಲ್ಲಿ ಕೂರೋಕೆ ಜನ ಇದ್ದರು.

ಹೆಚ್ಚಿನವರಿಗೆ ಹಾಗೆ ಯಾರೂ ಇರಲಿಲ್ಲ. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ ಪ್ರಕಾರ ಕೋರ್ಸೆರಾದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೋರ್ಸುಗಳಿಗೆ ಸೇರಿದವರಲ್ಲಿ ನೂರಕ್ಕೆ 83 ಜನರ ಹತ್ತಿರ ಆಗಲೇ ಕಾಲೇಜು ಪದವಿ ಇತ್ತು. ನಮ್ಮಂಥ ದೇಶಗಳಲ್ಲಿ ಸುಮಾರು ನೂರಕ್ಕೆ 80 ಜನ ಅತಿ ಹೆಚ್ಚು ಓದಿದ, ದುಡ್ಡಿರುವ ನೂರಕ್ಕೆ 6ರ ಗುಂಪಿನಿಂದ ಬಂದವರು. ಎಂಐಟಿ ಮತ್ತು ಹಾರ್ವರ್ಡ್‌ನ ಕೋರ್ಸುಗಳ ಲೆಕ್ಕ 2019ರಲ್ಲಿ ಹೊರಬಂತು. ಹೆಸರು ಬರೆಸಿದವರಲ್ಲಿ ಅರ್ಧಕ್ಕೂ ಜಾಸ್ತಿ ಜನ ಕೋರ್ಸಿನ ಒಳಗೆ ಕಾಲೇ ಇಟ್ಟಿರಲಿಲ್ಲ. ಈ ಅಂಕಿಗಳನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಕೂತು ಓದುವುದು ಹೇಗೆ ಅಂತ ಒಂದು ಕಾಲೇಜು ಮೊದಲೇ ಕಲಿಸಿದ್ದರೆ ಮಾತ್ರ ಒಬ್ಬರೇ ಕೂತು ಓದೋಕೆ ಆಗುತ್ತೆ, ಅಲ್ವಾ?

ನಮ್ಮ ಕಡೆ ಬಾಗಿಲು ತೆರೆದದ್ದು ಹೇಗೆ

ದಾವಣಗೆರೆಯ ಕಾಲೇಜುಗಳ ಹೆಸರು ಓದಿದರೆ ದಾನಿಗಳ ಪಟ್ಟಿ ಓದಿದ ಹಾಗೆ ಇರುತ್ತದೆ. 1951ರಲ್ಲಿ ಶುರುವಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಹೆಸರಿನಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಇದ್ದಾರೆ. ಡಿಆರ್‌ಎಂ ಸೈನ್ಸ್ ಕಾಲೇಜಿನ ಹೆಸರಿನಲ್ಲಿರುವುದು ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪ. ವ್ಯಾಪಾರ ಮಾಡಿ ಗಳಿಸಿದವರು ಕಾಲೇಜಿಗೆ ಕೊಟ್ಟರು. ಇದು ನಮ್ಮೂರಿನ ದೊಡ್ಡತನ. ಆದರೆ ಬರೀ ಕಾಲೇಜು ಕಟ್ಟಿದ ಮಾತ್ರಕ್ಕೆ ಜಗಳೂರಿನ, ಮೊಳಕಾಲ್ಮೂರಿನ, ಹೊಸದುರ್ಗದ ಮಕ್ಕಳು ಇಲ್ಲಿ ಬಂದು ಓದಲಿಲ್ಲ. ಅವರನ್ನು ಕರೆತಂದದ್ದು ಹಾಸ್ಟೆಲ್ಲುಗಳು. ಮಠಗಳು ನಡೆಸಿದ ಉಚಿತ ಪ್ರಸಾದ ನಿಲಯಗಳು. ಸಿರಿಗೆರೆಯಂಥ ಹಳ್ಳಿ ಓದಿನ ಊರಾದದ್ದು ಹಾಗೆ. ಆಮೇಲೆ ದೇವರಾಜ ಅರಸರ ಕಾಲ ಬಂತು, ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು, ಹಿಂದುಳಿದ ವರ್ಗಗಳ ಮಕ್ಕಳಿಗೆ ಬಿಸಿಎಂ ಹಾಸ್ಟೆಲ್ಲುಗಳು ಹೆಚ್ಚಾದವು. ದಾವಣಗೆರೆ, ಚಿತ್ರದುರ್ಗ ಈ ಎರಡು ಜಿಲ್ಲೆಯಲ್ಲಿ ಮನೆಗೆ ಮೊದಲ ಪದವೀಧರ ಆದವರನ್ನು ಕೇಳಿ ನೋಡಿ. ಯಾವ ಕಾಲೇಜು ಅಂತ ಹೇಳುವ ಮುಂಚೆ ಯಾವ ಹಾಸ್ಟೆಲ್ ಅಂತ ಹೇಳುತ್ತಾರೆ.

ನಾನೂ ಹಾಸ್ಟೆಲ್ಲಿನವಳೇ. ಹತ್ತನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆ. ದಾವಣಗೆರೆಗೆ ಬಂದು ಸೈನ್ಸ್ ತಗೊಂಡಾಗ ಮೊದಲ ತಿಂಗಳುಗಳಲ್ಲಿ ಬೋರ್ಡಿನ ಮೇಲೆ ಬರೆದಿದ್ದನ್ನು ಸುಮ್ನೆ ಇಳಿಸಿಕೊಂಡು ಬರುತ್ತಿದ್ದೆ. ಡಿಗ್ರಿಗೆ ಬಂದ ಮೇಲೆ ಲಿಮಿಟ್ ಅನ್ನುವ ಪಾಠ ಶುರುವಾಯಿತು. ಎಪ್ಸಿಲಾನ್, ಡೆಲ್ಟಾ ಅಂತ ಎರಡು ಗ್ರೀಕ್ ಅಕ್ಷರ. ಇಡೀ ಕ್ಲಾಸಿಗೆ ಅದು ಬಾಯಿಪಾಠದ ವಾಕ್ಯ ಆಗಿಹೋಯಿತು.

ನಮ್ಮ ಹಾಸ್ಟೆಲ್ಲಿನಲ್ಲಿ ಹರಪನಹಳ್ಳಿ ಕಡೆಯ ಒಬ್ಬ ಅಕ್ಕ ಇದ್ದರು, ನಮಗಿಂತ ಒಂದು ವರ್ಷ ಸೀನಿಯರ್. ರಾತ್ರಿ ಮುದ್ದೆ ಊಟ ಆದ ಮೇಲೆ ವರಾಂಡದ ಕೆಂಪು ನೆಲದ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಕಾಲೇಜಿನಿಂದ ತಂದ ಸೀಮೆಸುಣ್ಣದ ತುಂಡಿನಿಂದ ನೆಲದ ಮೇಲೇ ಬರೆಯೋದು. ಅವತ್ತು ಅವರು ಲಿಮಿಟ್ಟನ್ನು ಒಂದು ಆಟ ಮಾಡಿದರು. ಎಕ್ಸ್ 3ರ ಹತ್ತಿರ ಬಂದರೆ 2ಎಕ್ಸ್ 6ರ ಹತ್ತಿರ ಬರುತ್ತೆ ಅಂತ ನಾನು ಹೇಳ್ತೀನಿ, ನೀನು ನಂಬಬೇಡ ಅಂದರು. "6ಕ್ಕೆ ಎಷ್ಟು ಹತ್ತಿರ ಬೇಕು, ಕೇಳು." ಹತ್ತನೇ ಒಂದು ಭಾಗ ಅಂದೆ. "ಆಯ್ತು, ನಾನು ಎಕ್ಸನ್ನು 3ರಿಂದ ಇಪ್ಪತ್ತನೇ ಒಂದು ಭಾಗದೊಳಗೆ ಇಡ್ತೀನಿ. ಲೆಕ್ಕ ಮಾಡಿ ನೋಡು." ನೋಡಿದೆ, ಸರಿ ಇತ್ತು. ನೂರನೇ ಒಂದು ಭಾಗ ಅಂದೆ. "ಹಾಗಾದ್ರೆ ನಂದು ಇನ್ನೂರನೇ ಒಂದು." ಸಾವಿರ ಅಂದೆ. ಅವರು ಎರಡು ಸಾವಿರ ಅಂದರು. "ನೀನು ಏನೇ ಕೇಳು, ನನ್ನ ಹತ್ತಿರ ಉತ್ತರ ಐತೆ. ನೀನು ಕೇಳೋದು ಎಪ್ಸಿಲಾನ್, ನಾನು ಕೊಡೋದು ಡೆಲ್ಟಾ. ಈಗ ಜಾಗ ಬದಲಾಯಿಸೋಣ, ನೀನು ಡೆಲ್ಟಾ ಕೊಡು." ನಾವು ಹುಡುಗಿಯರು ಸರದಿ ಮೇಲೆ ಆಡಿದೆವು. ವಾರ್ಡನ್ ಬಂದು ಲೈಟ್ ಆರಿಸಿದ ಮೇಲೂ ಆಡಿದೆವು.

ನಾನು ಗಣಿತದಲ್ಲಿ ಉಳಿದದ್ದು ಆ ರಾತ್ರಿಯಿಂದ ಅಂತ ಈಗಲೂ ನಂಬುತ್ತೇನೆ. ಹಗಲು ನಮಗೆ ಪಾಠ ಮಾಡಿದ ಮೇಷ್ಟ್ರು ಒಳ್ಳೆಯವರೇ, ಹೇಳಿದ್ದೆಲ್ಲ ಸರಿಯಾಗಿಯೇ ಹೇಳಿದ್ದರು. ಆ ಪಾಠ ರಾತ್ರಿ ಕೂಡಿ ಕೂತಾಗ ನಮ್ಮದಾಯಿತು. ಆನ್‌ಲೈನ್ ಕೋರ್ಸು ಹಗಲಿನ ಪಾಠವನ್ನು ಮನೆ ಬಾಗಿಲಿಗೆ ತಂದಿದೆ, ಅದೂ ನಮಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಚೆನ್ನಾಗಿರುವ ಪಾಠ. ರಾತ್ರಿಯ ವರಾಂಡ ಅದರ ಜೊತೆ ಬರಲಿಲ್ಲ. ಜಗಳೂರಿನ ಆ ಮಾಳಿಗೆ ಮೇಲೆ ಇಲ್ಲದೇ ಹೋದದ್ದು ಅದು.

ಯಾರಿಗೆ ಸಿಕ್ಕಿತು

ಇಷ್ಟು ಹೇಳಿದ್ದಕ್ಕೆ ನಾನು ಈ ಕೋರ್ಸುಗಳ ವಿರೋಧಿ ಅಂದುಕೊಳ್ಳಬೇಡಿ. ಅವುಗಳಿಂದ ನನಗೆ ಆದ ಉಪಕಾರ ದೊಡ್ಡದು. ಹೊಸ ಪಠ್ಯಕ್ರಮ ಬಂದಾಗ ನಾನು ಎಂದೂ ಓದಿರದ ವಿಷಯಗಳನ್ನು ಪಾಠ ಮಾಡಬೇಕಾಗಿ ಬಂತು. ರಾತ್ರಿ ಎನ್‌ಪಿಟಿಇಎಲ್ ಪಾಠ ನೋಡಿ, ಬೆಳಗ್ಗೆ ಕ್ಲಾಸಿಗೆ ಹೋಗಿದ್ದೇನೆ. ಸಣ್ಣ ಊರಿನ ಕಾಲೇಜುಗಳ ಎಷ್ಟೋ ಉಪನ್ಯಾಸಕರು ಹೀಗೆ ಕಲಿತಿದ್ದಾರೆ. ನಮ್ಮ ಮೂಲಕ ಅದು ನೂರಾರು ಮಕ್ಕಳಿಗೆ ತಲುಪಿದೆ. ಹೆಸರು ಬರೆಸಿದವರು ಎಷ್ಟು, ಮುಗಿಸಿದವರು ಎಷ್ಟು ಅನ್ನುವ ಲೆಕ್ಕದಲ್ಲಿ ಈ ಮಕ್ಕಳು ಎಲ್ಲೂ ಕಾಣುವುದಿಲ್ಲ.

ನನ್ನ ಭಯ ಬೇರೆ ಕಡೆ ಇದೆ. ಡಿಗ್ರಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ಟನ್ನು ಸ್ವಯಂ ಕೋರ್ಸುಗಳಿಂದ ತಗೊಳ್ಳೋಕೆ, ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2016ರಲ್ಲಿ ನೂರಕ್ಕೆ 20ರವರೆಗೆ ಅವಕಾಶ ಕೊಟ್ಟಿತು. 2021ರಲ್ಲಿ ಅದು 40 ಆಯಿತು. ಒಳ್ಳೆಯ ಕಾಲೇಜಿನ ಹುಡುಗನಿಗೆ ಇದು ವರ. ಇಷ್ಟಪಟ್ಟ ವಿಷಯವನ್ನು ಎಲ್ಲಿಂದಾದರೂ ಕಲಿಯಬಹುದು. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ಮುಷ್ಕರ ಕೂತಾಗ ಕ್ಲಾಸುಗಳೇ ನಿಂತವು. ಅಂಥ ಕಡೆ ಆ 40 ಅನ್ನುವ ಸಂಖ್ಯೆ ಏನಾಗಬಹುದು? ಮೇಷ್ಟ್ರಿಲ್ಲದ ಪೇಪರಿಗೆ ಕೋರ್ಸು ತೋರಿಸಿ, ಹುದ್ದೆ ತುಂಬುವ ಮಾತನ್ನು ಮುಂದೆ ಹಾಕೋಕೆ ಅದು ಸುಲಭದ ದಾರಿ. ಗೃಹಪ್ರವೇಶದ ದಿನ ಸೋದರಮಾವ ಒಂದು ಮನೆಗೆ ಹೇಳಿದ ಮಾತನ್ನು ಒಂದು ಸರ್ಕಾರ ಇಡೀ ತಾಲ್ಲೂಕಿಗೆ ಹೇಳಿದ ಹಾಗೆ ಆಗುತ್ತೆ. ಹಾಗೆ ಆಗಬಾರದು ಅಂತ ಈಗಲೇ ಗಟ್ಟಿಯಾಗಿ ಹೇಳಬೇಕು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣು ಮಕ್ಕಳಿಗೆ ಟಿಕೆಟ್ ಇಲ್ಲ ಅಂತ ಆಯಿತು. ನನ್ನ ಕ್ಲಾಸಿನ ಹುಡುಗಿಯರ ಬಾಯಲ್ಲಿ ಅದರ ಬಗ್ಗೆ ಕೇಳಿದಷ್ಟು ಖುಷಿಯ ಮಾತು ಯಾವ ಆನ್‌ಲೈನ್ ಕೋರ್ಸಿನ ಬಗ್ಗೆಯೂ ಕೇಳಿಲ್ಲ. ಅದರಲ್ಲೂ ಖಾಸಗಿ ಬಸ್ಸು ಮಾತ್ರ ಓಡುವ ಹಳ್ಳಿಯವರು ನಮಗೂ ಒಂದು ಕೆಂಪು ಬಸ್ಸು ಬಿಡಿಸಿ ಮಿಸ್ ಅಂತ ಕೇಳುತ್ತಾರೆ. ಮಕ್ಕಳಿಗೆ ಏನು ಬೇಕು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತಿದೆ.

ಒಂದು ಕೋಣೆ, ಒಂದು ಟೈಮು

ರುವಾಂಡಾದ ಕಿಗಾಲಿಯಲ್ಲಿ 2013ರಲ್ಲಿ ಕೆಪ್ಲರ್ ಅಂತ ಒಂದು ಕಾಲೇಜು ಶುರುವಾಯಿತು. ಪಾಠಕ್ಕೆ ಆನ್‌ಲೈನ್ ಕೋರ್ಸುಗಳನ್ನೇ ಬಳಸಿದರು. ಆದರೆ ಮಕ್ಕಳನ್ನು ಒಂದು ಕಡೆ ಸೇರಿಸಿ, ಚರ್ಚೆ ಮಾಡಿಸೋಕೆ, ತಿದ್ದೋಕೆ ಮೇಷ್ಟ್ರುಗಳನ್ನು ಇಟ್ಟರು. ಅಮೆರಿಕದ ಒಂದು ವಿಶ್ವವಿದ್ಯಾಲಯದ ಪದವಿ ಸಿಗುವ ಹಾಗೆ ಏರ್ಪಾಡು ಮಾಡಿದರು. ನಮ್ಮ ಕೈಯಲ್ಲಿ ಇದಕ್ಕೆ ಬೇಕಾದ ಸಾಮಾನು ಅವರಿಗಿಂತ ಜಾಸ್ತಿಯೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರ್ ಬಂದಿದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎನ್‌ಪಿಟಿಇಎಲ್‌ನ ಲೋಕಲ್ ಚಾಪ್ಟರ್‌ಗಳಿವೆ, ಅಲ್ಲಿ ಮಾರ್ಗದರ್ಶನಕ್ಕೆ ಉಪನ್ಯಾಸಕರಿದ್ದಾರೆ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಐಐಎಸ್‌ಸಿಯ ಕ್ಯಾಂಪಸ್ಸೇ ಇದೆ, ಹಳ್ಳಿ ಶಾಲೆಗಳ ವಿಜ್ಞಾನ, ಗಣಿತದ ಮೇಷ್ಟ್ರುಗಳಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಇವೆಲ್ಲ ಒಂದೊಂದು ಕಡೆ ಬಿಡಿಬಿಡಿಯಾಗಿ ಇವೆ. ಜೋಡಿಸುವವರು ಬೇಕು.

ನಾನು ಕೇಳುತ್ತಿರುವುದು ಸಣ್ಣದು. ಲೋಕಲ್ ಚಾಪ್ಟರ್ ಇರುವ ಕಾಲೇಜುಗಳು ತಮ್ಮ ವಿದ್ಯಾರ್ಥಿ ಅಲ್ಲದವರನ್ನೂ ಶನಿವಾರ ಮಧ್ಯಾಹ್ನ ಒಳಗೆ ಬಿಡಲಿ. ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗಿ ನೋಟ್ ಬುಕ್ ಹಿಡಿದು ಬಂದರೆ ನೀನು ಯಾವ ಬ್ಯಾಚು ಅಂತ ಗೇಟಿನಲ್ಲಿ ಕೇಳದಿರಲಿ. ಅರಿವು ಕೇಂದ್ರಗಳು ವಾರಕ್ಕೆ ಎರಡು ಸಂಜೆ ಈ ಕೋರ್ಸಿನವರಿಗೆ ಅಂತ ಗೋಡೆಗೆ ಟೈಮ್ ಟೇಬಲ್ ಅಂಟಿಸಲಿ, ಯಾಕಂದರೆ ಗೋಡೆ ಮೇಲೆ ಟೈಮ್ ಇದ್ದರೆ ಮನೆಯವರು ಬಸ್ಸಿನ ಟೈಮಿಗೆ ಕೊಡುವ ಮರ್ಯಾದೆಯನ್ನೇ ಅದಕ್ಕೂ ಕೊಡುತ್ತಾರೆ. ಪರೀಕ್ಷೆಯ ಸಾವಿರ ರೂಪಾಯಿಯನ್ನು ಪಂಚಾಯಿತಿಯೋ ಹಳೇ ವಿದ್ಯಾರ್ಥಿಗಳೋ ಕಟ್ಟಲಿ. ಬಿಸಿಎಂ ಹಾಸ್ಟೆಲ್ಲುಗಳ ಸೀಟು ಜಾಸ್ತಿ ಮಾಡಿ ಅಂತ ಕೇಳುವುದನ್ನಂತೂ ನಿಲ್ಲಿಸುವ ಹಾಗೇ ಇಲ್ಲ.

ನನ್ನ ಕೈಲಾದದ್ದು ಅಂತ ನಾನು ಮತ್ತು ಇಬ್ಬರು ಸಹೋದ್ಯೋಗಿಗಳು ಜುಲೈ ಸುತ್ತಿನ ಕೋರ್ಸುಗಳು ಶುರುವಾದ ಮೇಲೆ ಶನಿವಾರಗಳಂದು ಗಣಿತ, ಭೌತಶಾಸ್ತ್ರದವರ ಜೊತೆ ಕೂರುವುದಕ್ಕೆ ಒಪ್ಪಿದ್ದೇವೆ. ಜಾಗಕ್ಕೆ ಒಂದು ಗ್ರಂಥಾಲಯದವರನ್ನು ಕೇಳಿದ್ದೇವೆ. ಕುರ್ಚಿ ಇದೆ, ಇಂಟರ್ನೆಟ್ ಇದೆ, ಬೋರ್ಡ್ ಇಲ್ಲ ಅಂದರು. ಬೋರ್ಡ್ ನಾವು ತರುತ್ತೇವೆ ಅಂದಿದ್ದೇವೆ. ದಾವಣಗೆರೆ, ಚಿತ್ರದುರ್ಗದಲ್ಲಿ ಪಾಠ ಮಾಡುವ ಗೆಳೆಯರು ಇದನ್ನು ಓದುತ್ತಿದ್ದರೆ, ರಸಾಯನಶಾಸ್ತ್ರಕ್ಕೆ ಮತ್ತು ಕಂಪ್ಯೂಟರ್ ಸೈನ್ಸಿಗೆ ಇನ್ನೂ ಯಾರೂ ಸಿಕ್ಕಿಲ್ಲ.